ದೊಡ್ಡದಾದ ಆಮೆಯನ್ನು ಕೆರೆಗೆ ಬಿಡಬಹುದಾ?

ನೀಲಿಛತ್ರಿ:

ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ತಿಳಿದವರು ಹೇಳಿ.

ಏಳು ವರ್ಷದ ಹಿಂದೆ ಮಗಳಿಗೆ ಯಾರೋ ಒಂದು ಆಮೆ ಮರಿ ತಂದುಕೊಟ್ಟರು. ಅಂಗೈ ಮೇಲಿಟ್ಟರೆ ದೊಡ್ಡ ನಾಣ್ಯದಷ್ಟಿತ್ತು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟಿ. "ಇದು ಇಷ್ಟೇ ಇರುತ್ತೆ, ಬೆಳೆಯೋದಿಲ್ಲ" ಅಂತ ಮಾರಿದವರು ಹೇಳಿದ್ದರಂತೆ. ನಿನ್ನೆ ಸ್ಕೇಲ್ ಹಿಡಿದು ಅಳೆದೆ. ಚಿಪ್ಪೇ 23 ಸೆಂಟಿಮೀಟರ್ ಇದೆ! ಇದು ಅದರ ಮೂರನೇ ತೊಟ್ಟಿ. ಅದೂ ಸಾಲುತ್ತಿಲ್ಲ. ಬೆಳಿಗ್ಗೆ ಲೈಟ್ ಹಾಕಿದ ಕೂಡಲೇ ಎದ್ದು ನಿಂತು ಮುಂಗಾಲಿನ ಉಗುರಿನಿಂದ ಗಾಜು ಕೆರೆಯುತ್ತದೆ. ಆ ಸದ್ದು ಕೇಳಿದರೆ ನನಗೆ ಸಂಕಟ ಆಗುತ್ತದೆ. ಮಗಳು ಓದಲು ಹೊರಗಿದ್ದಾಳೆ. ಈಗ ನೋಡಿಕೊಳ್ಳುವುದು ನಾನೊಬ್ಬಳೇ.

ನಾವು ವಾಕಿಂಗ್ ಹೋಗುವ ದಾರಿಯಲ್ಲಿ ಒಂದು ಕೆರೆ ಇದೆ. ದೊಡ್ಡದು. ಅಂಚಿನಲ್ಲಿ ಜೊಂಡು, ನಡುವೆ ಬಿದ್ದ ಮರದ ದಿಮ್ಮಿ. ಆ ದಿಮ್ಮಿಯ ಮೇಲೆ ಇಂಥದೇ ಕೆಂಪು ಪಟ್ಟಿಯ ಎರಡು ಆಮೆ ಬಿಸಿಲು ಕಾಯುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಯಾಗಿ ಕಾಲು ಚಾಚಿಕೊಂಡು ಮಲಗಿದ್ದವು. ನಮ್ಮದನ್ನೂ ಅಲ್ಲಿ ಬಿಟ್ಟರೆ ಅದಕ್ಕೂ ಸುಖ, ನಮಗೂ ನೆಮ್ಮದಿ ಅಂತ ಮನೆಯವರು ಹೇಳುತ್ತಾರೆ. "ಅಷ್ಟು ದೊಡ್ಡ ಕೆರೆಗೆ ಒಂದು ಆಮೆಯಿಂದ ಏನಾಗುತ್ತೆ?" ಅನ್ನೋದು ಅವರ ಪ್ರಶ್ನೆ. ನನ್ನ ತಮ್ಮ ಮಾತ್ರ ಬೇಡವೇ ಬೇಡ ಅನ್ನುತ್ತಾನೆ. ಯಾಕೆ ಅಂದರೆ ಸರಿಯಾಗಿ ಹೇಳಲ್ಲ.

ಬಿಡಬಹುದಾ? ಬಿಟ್ಟರೆ ನಿಜವಾಗಿ ಏನಾಗುತ್ತದೆ?

ದಾರಿಹೋಕ:

ಬಿಟ್ಟುಬಿಡಿ ಮೇಡಂ. ಗಾಜಿನ ತೊಟ್ಟಿಯಲ್ಲಿ ಕೂಡಿಹಾಕುವುದಕ್ಕಿಂತ ಅದು ಎಷ್ಟೋ ಮೇಲು. ನೀರಿನ ಪ್ರಾಣಿ ನೀರಿಗೆ ಸೇರಬೇಕು. ಈಗಾಗಲೇ ಎರಡು ಅಲ್ಲಿ ಬದುಕಿವೆ ಅಂದರೆ ಜಾಗ ಒಗ್ಗುತ್ತದೆ ಅಂತಲೇ ಅರ್ಥ ಅಲ್ವಾ? ಉಳಿದಿದ್ದನ್ನು ಪ್ರಕೃತಿ ನೋಡಿಕೊಳ್ಳುತ್ತದೆ.

ಹೊಂಡದಂಚು:

ನೀಲಿಛತ್ರಿ ಅವರೇ, ದಯವಿಟ್ಟು ಬಿಡಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನೀವು ಹೇಳಿದ ಗುರುತು ನೋಡಿದರೆ ಅದು ರೆಡ್ ಇಯರ್ಡ್ ಸ್ಲೈಡರ್. ಅದರ ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಸುತ್ತಮುತ್ತ ಮತ್ತು ಉತ್ತರ ಮೆಕ್ಸಿಕೋ. ಮುದ್ದಾದ ಮರಿ ಅಂತ ಜಗತ್ತಿನಾದ್ಯಂತ ಮಾರಾಟ ಆಯಿತು. ಮರಿ ದೊಡ್ಡದಾದಾಗ ಎಲ್ಲ ಕಡೆಯೂ ಜನ ನಿಮ್ಮ ಹಾಗೆಯೇ ಯೋಚಿಸಿದರು. ಹತ್ತಿರದ ಕೆರೆಗೆ ಬಿಟ್ಟರು. ಇವತ್ತು ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಉಳಿದೆಲ್ಲ ಖಂಡಗಳಲ್ಲೂ ಅದು ಇದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಯುರೋಪ್ 1997ರಲ್ಲೇ ಅದನ್ನು ತರಿಸುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಬಂದಾಗಿತ್ತು.

ನೀವು ನೋಡಿದ ಆ ದಿಮ್ಮಿಯ ವಿಷಯವನ್ನೇ ತಗೊಳ್ಳಿ. ಆಮೆಗೆ ಬಿಸಿಲು ಅಂದರೆ ಬರೀ ಸುಖ ಅಲ್ಲ. ಅದರ ಮೈ ತಾನೇ ಬಿಸಿಯಾಗೋದಿಲ್ಲ. ಬಿಸಿಲು ಕಾಯ್ದರೆ ಮಾತ್ರ ತಿಂದಿದ್ದು ಅರಗುತ್ತದೆ, ಚಿಪ್ಪು ಒಣಗುತ್ತದೆ, ರೋಗ ದೂರ ಇರುತ್ತದೆ. ಒಂದು ಕೆರೆಯಲ್ಲಿ ಅಂಥ ಒಳ್ಳೆಯ ದಿಮ್ಮಿ ಎಷ್ಟಿರುತ್ತವೆ? ನಾಲ್ಕೋ ಐದೋ. ಫ್ರಾನ್ಸ್‌ನಲ್ಲಿ ಅಲ್ಲಿಯದೇ ಕೆರೆ ಆಮೆಗಳನ್ನೂ ಸ್ಲೈಡರ್‌ಗಳನ್ನೂ ಒಂದೇ ಹೊಂಡದಲ್ಲಿ ಇಟ್ಟು ನೋಡಿದರು. ಒಳ್ಳೆಯ ಜಾಗ ಸ್ಲೈಡರ್‌ಗಳ ಪಾಲಾಯಿತು. ಅಲ್ಲಿಯ ಆಮೆಗಳು ತೂಕ ಕಳೆದುಕೊಂಡವು, ಜಾಸ್ತಿ ಸತ್ತವು. ಕಚ್ಚಾಟ, ರಕ್ತ ಏನೂ ಬೇಕಾಗಲಿಲ್ಲ. ದಿನಾ ಒಂದಿಷ್ಟು ಬಿಸಿಲು ತಪ್ಪಿದ್ದೇ ಸಾಕಾಯಿತು. ದಡದಲ್ಲಿ ನಿಂತು ನೋಡುವವರಿಗೆ ಇದು ಕಾಣಿಸೋದೇ ಇಲ್ಲ. ನಮಗೆ ಕಾಣೋದು ಹಾಯಾಗಿ ಮಲಗಿರುವ ಎರಡು ಆಮೆ ಮಾತ್ರ. ಆ ದಿಮ್ಮಿಯ ಮೇಲೆ ಮೊದಲು ಯಾರು ಮಲಗುತ್ತಿದ್ದರು ಅನ್ನೋದು ಕಾಣಲ್ಲ.

ಇದು ನನಗೆ ಯಾಕೆ ಇಷ್ಟು ಮನಸ್ಸಿಗೆ ನಾಟಿದೆ ಅಂದರೆ, ನಾನೇ ಒಂದು ಹೊಂಡ ಹಾಳು ಮಾಡಿದ್ದೇನೆ.

ನಮ್ಮ ತೋಟದ ಹಿಂದೆ ಹಳೆಯ ಹೊಂಡ ಒಂದಿದೆ. ಹದಿನಾರು ವರ್ಷದ ಹಿಂದೆ ನರ್ಸರಿಯಿಂದ ಮೂರು ವಾಟರ್ ಹಯಸಿಂತ್ ಗಿಡ ತಂದು ಅದರಲ್ಲಿ ಬಿಟ್ಟೆ. ಬಹಳ ಜನ ಇದನ್ನೂ ಅಂತರಗಂಗೆ ಅಂತಲೇ ಕರೆಯುತ್ತಾರೆ. ಆ ನೇರಳೆ ಹೂವಿಗೆ ಮನಸೋತಿದ್ದೆ. ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನ ಹಾಗೆ ಹಳದಿ ಚುಕ್ಕೆ ಇರುತ್ತದೆ, ನೋಡಿರಬಹುದು. ಮೂರು ಗಿಡ. ಈ ಗಿಡ ಬೀಜಕ್ಕೆ ಕಾಯುವುದಿಲ್ಲ. ಪಕ್ಕಕ್ಕೆ ಒಂದು ಕುಡಿ ಚಾಚುತ್ತದೆ, ಅದರ ತುದಿಯಲ್ಲಿ ಇನ್ನೊಂದು ಗಿಡ. ಬೆಚ್ಚಗಿನ ನೀರು, ಒಳ್ಳೆಯ ಗೊಬ್ಬರದ ಅಂಶ ಇದ್ದರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಮೊದಲ ಆರು ತಿಂಗಳು ಚೆಂದವೋ ಚೆಂದ. ಅರ್ಧ ಹೊಂಡ ತುಂಬಿದಾಗಲೂ ನಾನು ಫೋಟೋ ತೆಗೆಯುತ್ತಿದ್ದೆ. ಅರ್ಧ ಆದದ್ದು ಪೂರ್ತಿ ಆಗಲು ಇನ್ನೆರಡೇ ವಾರ ಸಾಕು ಅಂತ ಆಗ ಹೊಳೆಯಲಿಲ್ಲ.

ಮುಚ್ಚಿಕೊಂಡ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಅಂಚಿನಲ್ಲಿ ಉಳಿದ ಒಂದು ಚಾಪೆಯಷ್ಟು ಬಯಲಿನಲ್ಲಿ ಮೀನುಗಳೆಲ್ಲ ಬಾಯಿ ಮೇಲೆತ್ತಿ ಗಾಳಿ ಕುಡಿಯುತ್ತಿದ್ದವು. ಬೆಳಕು ಇಳಿಯದೆ ಒಳಗಿನ ಗಿಡಗಳು ಸತ್ತಿದ್ದವು. ಅವು ಕೊಳೆಯುತ್ತಾ ನೀರಿನ ಆಮ್ಲಜನಕ ಎಳೆದುಕೊಂಡಿದ್ದವು. ಆ ವರ್ಷ ಮಳೆ ಶುರುವಾದಾಗ ಕಪ್ಪೆ ಕೂಗಲಿಲ್ಲ. ಮೊದಲೆಲ್ಲ ರಾತ್ರಿ ಕಿಟಕಿ ಮುಚ್ಚಿದರೂ ಕೇಳುವಷ್ಟು ಗದ್ದಲ ಇರುತ್ತಿತ್ತು.

ಕೀಳಲು ಇಳಿದೆವು. ನಾಲ್ಕು ಜನ, ಸೊಂಟದವರೆಗೆ ನೀರು. ಒಂದು ಗಿಡ ಹಿಡಿದು ಎಳೆದರೆ ಹತ್ತು ಜೊತೆಗೇ ಬರುತ್ತವೆ. ಎಲೆಯ ಬುಡದಲ್ಲಿ ಉಬ್ಬಿದ ಗಡ್ಡೆ ಇರುತ್ತದೆ. ಹಿಚುಕಿದರೆ ಸ್ಪಂಜಿನ ಹಾಗೆ ಒಳಗೆಲ್ಲ ಗಾಳಿ. ಅದಕ್ಕೇ ಮುಳುಗುವುದಿಲ್ಲ. ಕೆಳಗೆ ಮೊಳದುದ್ದದ ಕಪ್ಪು ಬೇರು, ಗರಿಯ ಹಾಗೆ. ಆ ಬೇರಿನೊಳಗೆ ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ, ಬೆರಳ ತುದಿಯಷ್ಟು ಮೀನು ಎಲ್ಲ ಅಡಗಿ ಕೂತಿದ್ದವು. ಉಸಿರಾಡಲು ಸ್ವಲ್ಪ ಗಾಳಿ ಸಿಗುತ್ತಿದ್ದ ಜಾಗ ಅದೊಂದೇ ಇರಬೇಕು. ಮೊದಲ ದಿನ ತಿಳಿಯದೆ ಅವನ್ನೂ ಗಿಡದ ಜೊತೆ ದಡಕ್ಕೆ ಎಸೆದೆವು. ಸಂಜೆ ನೋಡಿದಾಗ ಎಲ್ಲ ಸತ್ತಿದ್ದವು. ಎರಡನೇ ದಿನದಿಂದ ಪ್ರತಿ ಹಿಡಿಯನ್ನೂ ನೀರಿನಲ್ಲೇ ಜಾಡಿಸಿ ಆಮೇಲೆ ಮೇಲಕ್ಕೆ ಹಾಕಿದೆವು. ಇನ್ನೊಂದು ತಪ್ಪೂ ಆಯಿತು. ರಾಶಿಯನ್ನು ದಡದಲ್ಲೇ ಬಿಟ್ಟೆವು. ಮಳೆಗೆ ನೀರೇರಿ ಅರ್ಧ ರಾಶಿ ತೇಲಿ ವಾಪಸ್ ಹೊಂಡಕ್ಕೇ ಹೋಯಿತು.

ಅದು ಮುಗಿದು ಇವತ್ತಿಗೆ ಹದಿಮೂರು ವರ್ಷ. ಈಗಲೂ ಪ್ರತಿ ವರ್ಷ ಕೆಸರಿನಿಂದ ಹೊಸ ಸಸಿ ಏಳುತ್ತವೆ. ಬೀಜ ಮಣ್ಣಿನಲ್ಲಿ ಹದಿನೈದು, ಇಪ್ಪತ್ತು ವರ್ಷ ಜೀವ ಹಿಡಿದಿರುತ್ತದೆ. ನಾನು ಬಿಟ್ಟಿದ್ದು ಮೂರು ಗಿಡ. ಅದಕ್ಕೇ ನಿಮ್ಮ ಮನೆಯವರು ಕೇಳಿದ "ಒಂದರಿಂದ ಏನಾಗುತ್ತೆ" ಅನ್ನೋ ಮಾತು ಓದಿದಾಗ ಸುಮ್ನೆ ಇರಲು ಆಗಲಿಲ್ಲ.

ಇನ್ನೊಂದು ವಿಷಯ. 23 ಸೆಂಟಿಮೀಟರ್ ಅಂದರೆ ನಿಮ್ಮದು ಬಹುಶಃ ಹೆಣ್ಣು. ಗಂಡು ಸಾಮಾನ್ಯವಾಗಿ ಚಿಕ್ಕದಿರುತ್ತದೆ, ಅದರ ಮುಂಗಾಲಿನ ಉಗುರು ತುಂಬ ಉದ್ದ. ಹೆಣ್ಣು ಒಂದು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡಬಲ್ಲದು, ಒಂದೊಂದು ಸಲಕ್ಕೂ ಹತ್ತರ ಆಸುಪಾಸು. ಕೆರೆಯಲ್ಲಿ ಈಗಾಗಲೇ ಎರಡಿವೆ ಅಂದಿರಿ. ಅದರಲ್ಲಿ ಒಂದು ಗಂಡಾಗಿದ್ದರೆ ಲೆಕ್ಕ ನೀವೇ ಹಾಕಿ.

ನೀಲಿಛತ್ರಿ:

ಹೊಂಡದಂಚು ಅವರೇ, ನಿಮ್ಮ ಉತ್ತರವನ್ನು ಮನೆಯವರಿಗೂ ಓದಿ ಹೇಳಿದೆ. ಕಪ್ಪೆ ಕೂಗಲಿಲ್ಲ ಅನ್ನುವಲ್ಲಿ ಇಬ್ಬರೂ ಸುಮ್ಮನಾದೆವು. ಉಗುರು ನೋಡಿದೆ, ಗಿಡ್ಡವಾಗಿವೆ. ಹೆಣ್ಣೇ ಇರಬೇಕು.

ಸರಿ, ಬಿಡುವುದಿಲ್ಲ. ಆದರೆ ಏನು ಮಾಡಲಿ? ಇದು ಇನ್ನೆಷ್ಟು ವರ್ಷ ಬದುಕುತ್ತದೆ? ಮತ್ತೆ ಒಂದು ಅನುಮಾನ. ತೊಟ್ಟಿ ತೊಳೆಯುವಾಗ ಒಳಗಿನ ಗಿಡದ ತುಂಡು, ನೀರು ಎಲ್ಲವನ್ನೂ ಮಳೆನೀರಿನ ಚರಂಡಿಗೆ ಚೆಲ್ಲುತ್ತಿದ್ದೆ. ಅದು ಹೋಗಿ ಸೇರುವುದು ಅದೇ ಕೆರೆಗೆ. ಅದೂ ತಪ್ಪಾ?

ಗಾಜಿನಮನೆ:

ಮೇಡಂ, ನಾನು ಇಪ್ಪತ್ತು ವರ್ಷದಿಂದ ಮೀನು, ಆಮೆ ಸಾಕುತ್ತಿದ್ದೇನೆ. ಕೊನೆಯದರಿಂದ ಶುರು ಮಾಡುತ್ತೇನೆ. ಹೌದು, ಅದನ್ನು ಇವತ್ತೇ ನಿಲ್ಲಿಸಿ. ಅಕ್ವೇರಿಯಂ ಗಿಡದ ಬೆರಳುದ್ದದ ತುಂಡೂ ಚಿಗುರುತ್ತದೆ. ಗಿಡವನ್ನು ಬಿಸಿಲಿನಲ್ಲಿ ಗರಿಗರಿ ಆಗುವವರೆಗೆ ಒಣಗಿಸಿ, ಕಸದ ಚೀಲದಲ್ಲಿ ಕಟ್ಟಿ ಹಾಕಿ. ನೀರನ್ನು ಕೆರೆ, ತೊರೆಗೆ ಸೇರದ ಕಡೆ ಒಣ ಮಣ್ಣಿನ ಮೇಲೆ ಅಥವಾ ಹೂಕುಂಡಕ್ಕೆ ಸುರಿಯಿರಿ. ನೀರಿನ ಜೊತೆ ಬಸವನಹುಳುವಿನ ಮೊಟ್ಟೆ, ರೋಗ ಎಲ್ಲ ಹೋಗುತ್ತವೆ.

ಇದು ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ಎರಡು ಘಟನೆ ಹೇಳುತ್ತೇನೆ. ಕೌಲರ್ಪಾ ಅಂತ ಒಂದು ಪಾಚಿ ಇದೆ, ಅಕ್ವೇರಿಯಂಗೆ ಅಂತ ಬೆಳೆಸುತ್ತಿದ್ದದ್ದು. 1984ರಲ್ಲಿ ಮೊನಾಕೊ ತೀರದ ಸಮುದ್ರದಲ್ಲಿ ಸುಮಾರು ಒಂದು ಚದರ ಮೀಟರ್ ಜಾಗದಲ್ಲಿ ಕಂಡಿತು. ಯಾರೂ ತೆಗೆಯಲಿಲ್ಲ. ಆಮೇಲೆ ಮೆಡಿಟರೇನಿಯನ್ ಸಮುದ್ರದ ಎಷ್ಟೋ ದೇಶಗಳ ತೀರಕ್ಕೆ ಹಬ್ಬಿತು, ಆಗ ಕೀಳುವ ಹಾಗೇ ಇರಲಿಲ್ಲ. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ ಸಿಕ್ಕಿತು. ಅಲ್ಲಿ ಕೂಡಲೇ ಟಾರ್ಪಾಲಿನ್ ಹೊದಿಸಿ, ಅಂಚು ಭದ್ರ ಮಾಡಿ, ಒಳಗೆ ಕ್ಲೋರಿನ್ ಹಾಕಿ ಕೊಂದರು. ಆರು ವರ್ಷ ಮುಳುಗಿ ಮುಳುಗಿ ಹುಡುಕಿ, 2006ರಲ್ಲಿ ಪೂರ್ತಿ ಹೋಯಿತು ಅಂತ ಹೇಳಿದರು. ಪಾಚಿ ಒಂದೇ. ಕೈ ಹಾಕಿದ ಹೊತ್ತು ಬೇರೆ.

ಇನ್ನು ಆಮೆ. ಚೆನ್ನಾಗಿ ನೋಡಿಕೊಂಡರೆ 30 ವರ್ಷದವರೆಗೂ ಬದುಕಬಹುದು, ಅದಕ್ಕೂ ಜಾಸ್ತಿ ಬದುಕಿದ್ದೂ ಇದೆ. ಗಾಜಿನ ತೊಟ್ಟಿ ಬಿಡಿ. ಅಂಗಳ ಅಥವಾ ತಾರಸಿ ಇದ್ದರೆ ಸಿಮೆಂಟಿನ ತೊಟ್ಟಿ ಕಟ್ಟಿಸಿ. ಕೊನೇಪಕ್ಷ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಮೊಣಕಾಲಿಗಿಂತ ಸ್ವಲ್ಪ ಆಳದ ನೀರು. ನೀರಿನಿಂದ ಹತ್ತಿ ಕೂರಲು ಒಂದು ಹಲಗೆ. ಅರ್ಧ ಬಿಸಿಲು, ಅರ್ಧ ನೆರಳು. ಅಂಚು ಎತ್ತರಕ್ಕಿರಲಿ, ಮೇಲೆ ಜಾಲರಿ ಹಾಕಿ. ಆಮೆ ಹತ್ತುವುದರಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಜಾಣ ಪ್ರಾಣಿ. ತಪ್ಪಿಸಿಕೊಂಡರೆ ಬಿಟ್ಟ ಹಾಗೇ ಆಯಿತು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ ಮಕ್ಕಳಿಗೆ ಕಾಯಿಲೆ ಬರುತ್ತದೆ ಅಂತಲೇ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಲ್ಲಿಸಿದರು.

ಸಾಕಲು ಆಗುವುದೇ ಇಲ್ಲ ಅಂದರೆ ಪ್ರಾಣಿ ರಕ್ಷಣಾ ಕೇಂದ್ರ, ಪಶುವೈದ್ಯರು, ಅರಣ್ಯ ಇಲಾಖೆ ಇವರನ್ನು ಕೇಳಿ. ಕೆರೆ ಮಾತ್ರ ಬೇಡ.

ದಾರಿಹೋಕ:

ನಾನು ಮೊದಲು ಬಿಡಿ ಅಂದವನು. ಹೊಂಡದ ಕಥೆ ಓದಿ ಆ ಮಾತು ವಾಪಸ್ ತಗೊಂಡೆ. ಆದರೂ ಒಂದು ಪ್ರಶ್ನೆ ಉಳಿದಿದೆ, ವಾದಕ್ಕಲ್ಲ, ತಿಳಿದುಕೊಳ್ಳಲು. ಗಿಡ, ಪ್ರಾಣಿ ಎಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಎಲ್ಲಿಂದಲೋ ಬಂದಿದ್ದೇ ತಾನೇ? ನಾವು ಬೆಳೆಯುವ ಎಷ್ಟೋ ಬೆಳೆ ಹೊರಗಿನದು. ಹೊರಗಿನದೆಲ್ಲ ಕೆಟ್ಟದ್ದು ಅನ್ನೋಕಾಗುತ್ತಾ? ಹೇಗೋ ಬಂದು ಸೇರಿದ್ದನ್ನು ಕಿತ್ತುಹಾಕುತ್ತಾ ಹೋದರೆ ಕೊನೆ ಎಲ್ಲಿ?

ಹೊಂಡದಂಚು:

ದಾರಿಹೋಕ ಸರ್, ಹೊರಗಿನದೆಲ್ಲ ಕೆಟ್ಟದ್ದಲ್ಲ. ನೀವು ಹೇಳಿದ್ದು ಸರಿ. 2023ರಲ್ಲಿ ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದರ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಮನುಷ್ಯರಿಂದಾಗಿ ಹೊಸ ಜಾಗದಲ್ಲಿ ನೆಲೆಯೂರಿದ ಜೀವಿಗಳು 37,000ಕ್ಕೂ ಹೆಚ್ಚು. ಅದರಲ್ಲಿ ಹಾನಿ ಮಾಡುತ್ತಿವೆ ಅಂತ ಗೊತ್ತಾಗಿರುವುದು 3,500ಕ್ಕೂ ಹೆಚ್ಚು. ಅಂದರೆ ಸುಮಾರು ಹತ್ತಕ್ಕೆ ಒಂದು. ಆದರೆ ನಮಗೆ ಗೊತ್ತಿರುವ ಜೀವಿನಾಶಗಳಲ್ಲಿ ನೂರಕ್ಕೆ 60ರಲ್ಲಿ ಇಂಥವುಗಳ ಕೈವಾಡ ಇದೆ. ಆ ಹತ್ತರಲ್ಲಿ ಒಂದು ಯಾವುದು ಅಂತ ಬಿಡುವ ಮೊದಲು ಯಾರಿಗೂ ಗೊತ್ತಿರುವುದಿಲ್ಲ. ನನ್ನ ಭಯ ಇರೋದು ಅಲ್ಲಿ.

ಜೀವಿಗಳು ತಾವಾಗಿ ಊರು ಬದಲಿಸಿದಾಗ ಸಾವಿರಾರು ವರ್ಷ ಹಿಡಿಯುತ್ತದೆ. ಬೇಟೆಯೂ ಬೇಟೆಗಾರನೂ ಜೊತೆಜೊತೆಗೆ ಕಲಿಯುತ್ತಾರೆ. ಹಡಗಿನಲ್ಲಿ ಒಂದೇ ತಿಂಗಳಿಗೆ ಬಂದಿಳಿದರೆ ಕಲಿಯಲು ಸಮಯ ಎಲ್ಲಿ? ಗುವಾಮ್ ದ್ವೀಪದಲ್ಲಿ ಆಗಿದ್ದು ಇದೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸರಕಿನ ಜೊತೆ ಕಂದು ಬಣ್ಣದ ಮರಹಾವು ಬಂತು. ಅಲ್ಲಿಯ ಹಕ್ಕಿಗಳಿಗೆ ಮರ ಹತ್ತಿ ಗೂಡಿಗೆ ಬರುವ ಹಾವು ಅಂದರೇನು ಅಂತಲೇ ಗೊತ್ತಿರಲಿಲ್ಲ. ಕಾಡಿನ 12 ಜಾತಿಯ ಹಕ್ಕಿಗಳಲ್ಲಿ 10 ಮಾಯವಾದವು. ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹುಳ ತಿನ್ನುವ ಹಕ್ಕಿ ಇಲ್ಲವಾದ್ದರಿಂದ ಜೇಡ ಹೆಚ್ಚಾಯಿತು. ಮಳೆಗಾಲದಲ್ಲಿ ಪಕ್ಕದ ದ್ವೀಪಗಳಿಗಿಂತ 40 ಪಟ್ಟಿನವರೆಗೂ ಜಾಸ್ತಿ. ಹಣ್ಣು ತಿಂದು ಬೀಜ ಒಯ್ಯುವವರಿಲ್ಲದೆ ಬೀಜವೆಲ್ಲ ತಾಯಿಮರದ ಬುಡದಲ್ಲೇ ಬೀಳುತ್ತಿದೆ. ಹಾವು ತಿಂದಿದ್ದು ಹಕ್ಕಿಯನ್ನು, ಸೊರಗುತ್ತಿರುವುದು ಕಾಡು.

ಕಿತ್ತುಹಾಕುವುದರ ಬಗ್ಗೆಯೂ ನಿಮ್ಮ ಅನುಮಾನ ಒಳ್ಳೆಯದೇ. ಕಿತ್ತರೆ ಎಲ್ಲ ಸರಿಯಾಗುತ್ತದೆ ಅಂತಿಲ್ಲ. ಅಂಟಾರ್ಕ್ಟಿಕಾ ಕಡೆಯ ಮ್ಯಾಕ್ವಾರಿ ದ್ವೀಪದಲ್ಲಿ ಬೆಕ್ಕುಗಳು ಕಡಲಹಕ್ಕಿಗಳನ್ನು ತಿನ್ನುತ್ತಿದ್ದವು. 2000ದ ಹೊತ್ತಿಗೆ ಎಲ್ಲ ಬೆಕ್ಕುಗಳನ್ನೂ ತೆಗೆದರು. ಆ ಬೆಕ್ಕುಗಳು ಮೊಲವನ್ನೂ ತಿನ್ನುತ್ತಿದ್ದವು. ಮೊಲಕ್ಕೆ ಅಂತ ಬಿಟ್ಟಿದ್ದ ವೈರಸ್ಸಿನ ಬಲವೂ ಅಷ್ಟರಲ್ಲಿ ಕುಂದಿತ್ತು. ಮೊಲ ಮಿತಿಮೀರಿ ಬೆಳೆದು ಗುಡ್ಡಗಳ ಹಸಿರನ್ನೇ ಬೋಳು ಮಾಡಿದವು. ಮತ್ತೆ ವರ್ಷಗಟ್ಟಲೆ ದುಡಿದು ಮೊಲ, ಇಲಿ, ಹೆಗ್ಗಣ ಎಲ್ಲವನ್ನೂ ತೆಗೆದು, 2014ರಲ್ಲಿ ಕೆಲಸ ಮುಗಿಯಿತು ಅಂದರು. ಈಗ ಹುಲ್ಲು, ಗಿಡ ವಾಪಸ್ ಬರುತ್ತಿವೆ. ಯಾವುದನ್ನು ಮೊದಲು, ಯಾವುದರ ಜೊತೆ ಯಾವುದನ್ನು ತೆಗೆಯಬೇಕು ಅಂತ ಯೋಚಿಸದೆ ಕೈ ಹಾಕಬಾರದು. ನಾವೂ ಹೊಂಡವನ್ನು ಒಂದೇ ಸಲಕ್ಕೆ ಬಯಲು ಮಾಡಲಿಲ್ಲ. ಒಂದು ಮೂಲೆ ತೆಗೆದು, ಅಲ್ಲಿ ಒಳಗಿಡ ಹುಟ್ಟುವವರೆಗೆ ಕಾದು, ಆಮೇಲೆ ಮುಂದಿನ ಮೂಲೆ.

ಎಲ್ಲವನ್ನೂ ಕೀಳಲು ಆಗುವುದಿಲ್ಲ ಅನ್ನೋದೂ ನಿಜ. ಹಬ್ಬಿದ ಮೇಲೆ ಎಷ್ಟೋ ಕಡೆ ಹಿಡಿತದಲ್ಲಿ ಇಟ್ಟುಕೊಳ್ಳುವುದಷ್ಟೇ ಸಾಧ್ಯ. ಅದಕ್ಕೇ ಬಿಡುವ ಮೊದಲಿನ ಒಂದು ಕ್ಷಣದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು.

ನೀಲಿಛತ್ರಿ ಅವರೇ, ಆ ದಿಮ್ಮಿಯ ಮೇಲಿನ ಎರಡು ಆಮೆಗಳ ಫೋಟೋ ತೆಗೆದು, ದಿನ, ಜಾಗ ಬರೆದು ಕೆರೆ ನೋಡಿಕೊಳ್ಳುವವರಿಗೆ ಕೊಡಿ. ನೀವೇ ಹಿಡಿಯಲು ಹೋಗಬೇಡಿ. ಅಲ್ಲಿಯದೇ ಆಮೆಯನ್ನು ತಪ್ಪಾಗಿ ಹಿಡಿದುಬಿಡುವ ಅಪಾಯ ಇದೆ. ಎರಡೇ ಇರುವಾಗ ತೆಗೆಯುವುದು ಸುಲಭ.

ನೀಲಿಛತ್ರಿ:

ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಕೆರೆಗೆ ಹೋಗಿದ್ದೆ. ದಿಮ್ಮಿಯ ಮೇಲೆ ಎರಡಲ್ಲ, ಮೂರಿದ್ದವು. ಮೂರನೆಯದು ಅಂಗೈಯಗಲ ಇತ್ತು. ಜೂಮ್ ಮಾಡಿ ಫೋಟೋ ತೆಗೆದು ಕಳಿಸಿದ್ದೇನೆ. ದಿಮ್ಮಿಯ ಕೆಳಗೆ, ಅರ್ಧ ನೀರಿನಲ್ಲಿ ಮುಳುಗಿದ ಕೊಂಬೆಯೊಂದರ ಮೇಲೆ ಕಂದು ಬಣ್ಣದ ಬೇರೆ ಆಮೆ ಒಂದಿತ್ತು. ಪಟ್ಟಿ ಇರಲಿಲ್ಲ. ಅಲ್ಲಿಗೆ ಬಿಸಿಲು ಬೀಳುತ್ತಿರಲಿಲ್ಲ. ಇಷ್ಟು ದಿನ ಅದೇ ದಾರಿಯಲ್ಲಿ ನಡೆದರೂ ಅದನ್ನು ನಾನು ನೋಡಿಯೇ ಇರಲಿಲ್ಲ.

ತಾರಸಿಯಲ್ಲಿ ತೊಟ್ಟಿ ಕಟ್ಟಿಸುವುದು ಅಂತ ತೀರ್ಮಾನ ಆಗಿದೆ. ಮನೆಯವರೇ ಅಳತೆ ತೆಗೆಯುತ್ತಿದ್ದಾರೆ. ಗಾಜಿನಮನೆ ಸರ್, ಹೆಣ್ಣಾದರೆ ಒಂಟಿಯಾಗಿದ್ದರೂ ಮೊಟ್ಟೆ ಇಡುತ್ತದಾ? ಅದಕ್ಕೆ ಬೇರೆ ಜಾಗ ಬೇಕಾ?

ಗಾಜಿನಮನೆ:

ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಜಾಗ ಇಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೆ ಅಪಾಯ. ತೊಟ್ಟಿಯ ಒಂದು ಪಕ್ಕ ಒಣ ಕಟ್ಟೆ ಬಿಟ್ಟು, ಒಂದು ಅಡಿ ಆಳಕ್ಕೆ ಮರಳು, ಮಣ್ಣು ಬೆರೆಸಿ ತುಂಬಿ. ಸ್ವಲ್ಪ ತೇವ ಇರಲಿ, ಅಗೆದರೆ ಗುಂಡಿ ಕುಸಿಯಬಾರದು. ನೀರಿನಿಂದ ಅಲ್ಲಿಗೆ ಹತ್ತಲು ಇಳಿಜಾರು ಮಾಡಿಸಿ. ಹಿಂಗಾಲಿನಿಂದ ನೆಲ ಕೆರೆಯಲು ಶುರು ಮಾಡಿದರೆ, ಹತ್ತಿರ ಹೋಗದೆ ಬಿಟ್ಟುಬಿಡಿ.